ಕೊನೆಯ ಹೆಸರುಗಳು ಬರುವಾಗ ಟೀವಿ ಆರಿಸಬೇಡಿ

ಬ್ಯಾಂಕಿನಲ್ಲಿ ಇದ್ದವರಿಗೆ ಮಾರ್ಚ್ 31 ಎಂದರೆ ಇನ್ನೊಂದು ಶಿವರಾತ್ರಿ. ವರ್ಷದ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಮೂವತ್ತು ಪೈಸೆ ವ್ಯತ್ಯಾಸಕ್ಕಾಗಿ ಬೆಳಗಿನ ನಾಲ್ಕು ಗಂಟೆಯವರೆಗೆ ಕೂತದ್ದೂ ಉಂಟು. ಜೇಬಿನಿಂದ ಮೂವತ್ತು ಪೈಸೆ ಹಾಕಿ ಎದ್ದುಬಿಡೋಣ ಎಂದರೆ ಆಗದು. ತಪ್ಪು ಎಲ್ಲಿದೆ ಎಂದು ಹುಡುಕಲೇಬೇಕು. ಈ ಅಂಕಣಕ್ಕೆ ಈ ವಾರ ಒಂದು ವರ್ಷ ತುಂಬಿತು. ಹಳೆಯ ಚಾಳಿ ಬಿಡದು ನೋಡಿ, ನನ್ನ ಲೆಡ್ಜರ್ ತೆಗೆದುಕೊಂಡು ಕೂತಿದ್ದೇನೆ.

ಲೆಡ್ಜರ್ ಎಂದರೆ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ಕು. ಗೆರೆ ಹಾಕಿ ಅಂಕಣ ಮಾಡಿದ್ದೇನೆ: ದಿನಾಂಕ, ಚಿತ್ರದ ಹೆಸರು, ಎಷ್ಟು ನಿಮಿಷ, ಯಾರು ಯಾರು ನೋಡಿದರು, ಯಾರು ಅತ್ತರು, ಯಾರು ನಿದ್ದೆ ಹೋದರು. ಕೊನೆಯ ಅಂಕಣದಲ್ಲಿ ಹೆಚ್ಚಾಗಿ ನನ್ನ ಹೆಸರೇ ಇದೆ. ಒಟ್ಟು 41 ನಮೂದುಗಳು. ಅದರಲ್ಲಿ ಒಂದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ತಪ್ಪಿಸಿಕೊಳ್ಳುವುದಿಲ್ಲ.

ಇದೆಲ್ಲ ಶುರುವಾದದ್ದು ರಾಮಾಯಣದಿಂದ. ಹೋದ ವರ್ಷ ಜನವರಿ 24ಕ್ಕೆ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಎಂಬ ಚಿತ್ರ ನಮ್ಮ ದೇಶದ ಥಿಯೇಟರುಗಳಿಗೆ ಬಂತು. ಕುಣಿಗಲ್ಲಿನಿಂದ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಎಲ್ಲ ಸೇರಿ ಬೆಂಗಳೂರಿಗೆ ಹೋಗಿ ನೋಡಿದೆವು. ಮೊಮ್ಮಗಳಿಗೆ ಎಂಟು ವರ್ಷ. ಅರ್ಧ ಚಿತ್ರದಲ್ಲಿ ನನ್ನ ತೋಳು ಜಗ್ಗಿ, "ತಾತ, ಇದು ಡೋರೇಮಾನ್ ಥರಾನೇ ಇದೆ ಅಲ್ವಾ?" ಅಂದಳು. ರಾಮನ ಕಣ್ಣು ನೋಡಿ ಹೇಳಿದ್ದು. ಆಗ ನನಗೆ ನಗು ಬಂತು. ಮನೆಗೆ ಬಂದು ವಿಚಾರಿಸಿದರೆ ಮಗು ಹೇಳಿದ್ದೇ ಸರಿ. ಅದು ಜಪಾನಿನವರೂ ನಮ್ಮವರೂ ಕೂಡಿ 1992ರಲ್ಲಿ ಮುಗಿಸಿದ ಚಿತ್ರ. ಯುಗೋ ಸಾಕೊ ಎಂಬವರು 1983ರಲ್ಲಿ ಒಂದು ಸಾಕ್ಷ್ಯಚಿತ್ರದ ಕೆಲಸಕ್ಕೆಂದು ಭಾರತಕ್ಕೆ ಬಂದಿದ್ದರು. ಇಲ್ಲಿ ರಾಮಾಯಣದ ರುಚಿ ಹತ್ತಿ ಅದನ್ನು ಬಿಡದೆ ಹಿಡಿದರು. ಕೊಯಿಚಿ ಸಾಸಾಕಿ ಮತ್ತು ನಮ್ಮ ರಾಮ್ ಮೋಹನ್ ಅವರ ಜೊತೆಗೂಡಿ ನಿರ್ದೇಶಿಸಿದರು. ರಾಮಾಯಣವನ್ನು ಕಾರ್ಟೂನು ಮಾಡುವುದೇ ಎಂಬ ಆಕ್ಷೇಪವೂ ಆಗ ಎದ್ದಿತ್ತು. ಸಾಕೊ 2012ರಲ್ಲಿ ತೀರಿಕೊಂಡರು. ನಮ್ಮ ಥಿಯೇಟರುಗಳಲ್ಲಿ ಜನ ಎದ್ದು ನಿಂತು ಕೈಮುಗಿದದ್ದನ್ನು ಅವರು ನೋಡಲಿಲ್ಲ.

ಇದಕ್ಕೂ ಮೊದಲೇ ನಮ್ಮ ಮನೆಗಳಿಗೆ ಜಪಾನಿನ ಚಿತ್ರ ಬಂದು ಹೋಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. 1990ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ಜಂಗಲ್ ಬುಕ್' ಬರುತ್ತಿತ್ತಲ್ಲ, ಗುಲ್ಜಾರ್ ಬರೆದ ಹಾಡು, ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ. ಅದು 1989ರ ಜಪಾನೀ ಧಾರಾವಾಹಿ. ನನ್ನ ಮಗ ಆ ಹಾಡನ್ನು ಇವತ್ತಿಗೂ ಸ್ನಾನದ ಮನೆಯಲ್ಲಿ ಹಾಡುತ್ತಾನೆ. ಅಪ್ಪಟ ಭಾರತದ್ದು ಎಂದೇ ಮೂವತ್ತು ವರ್ಷ ನಂಬಿದ್ದ. ನಾನು ಹೇಳಿದ ದಿನ ಅವನ ಮುಖ ನೋಡಬೇಕಿತ್ತು.

ಇವುಗಳನ್ನೆಲ್ಲ ಒಟ್ಟಾಗಿ 'ಅನಿಮೆ' ಎನ್ನುತ್ತಾರೆ. ಜಪಾನಿನವರು 'ಅನಿಮೇಷನ್' ಎಂಬ ಇಂಗ್ಲಿಷ್ ಮಾತನ್ನು ಮೊಟಕು ಮಾಡಿಕೊಂಡದ್ದು. ಅಮಾನಿಕೆರೆಯಲ್ಲಿ ಬೆಳಗಿನ ವಾಕಿಂಗಿಗೆ ಬರುವ ನನ್ನ ಸ್ನೇಹಿತರು ಮೊದಲ ಎರಡು ತಿಂಗಳು, "ಏನ್ ಸ್ವಾಮಿ, ಈ ವಯಸ್ಸಲ್ಲಿ ಕಾರ್ಟೂನಾ?" ಎಂದು ಚುಡಾಯಿಸಿದರು. ಈಗ ಅವರಲ್ಲಿ ಇಬ್ಬರು ಶನಿವಾರ ಸಂಜೆ ನಮ್ಮ ಮನೆಯ ಸೋಫಾದಲ್ಲೇ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕೊಟ್ಟು ನಮ್ಮ ಮನೆಯವಳಿಗೆ ಸಾಕಾಗಿದೆ.

ಗುಮಾಸ್ತನಾದವನಿಗೆ ಕಥೆಗಿಂತ ಮೊದಲು ಲೆಕ್ಕ ಕಣ್ಣಿಗೆ ಬೀಳುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. 25 ನಿಮಿಷದ ಒಂದು ಕಂತಿಗೆ 1500 ಸೆಕೆಂಡು. ಅಂದರೆ 36,000 ಚೌಕಟ್ಟು. ಪ್ರತಿಯೊಂದಕ್ಕೂ ಒಂದು ಚಿತ್ರ ಬರೆಯುತ್ತ ಕೂತರೆ ವಾರಕ್ಕೊಂದು ಕಂತು ಹೇಗೆ ಮುಗಿದೀತು? ಒಸಾಮು ತೆಜುಕಾ ಎಂಬ ಪುಣ್ಯಾತ್ಮ, ವೈದ್ಯಕೀಯ ಓದಿ ಚಿತ್ರ ಬರೆಯಲು ಕೂತವರು, 1963ರ ಜನವರಿ 1ರಿಂದ 'ಆಸ್ಟ್ರೋ ಬಾಯ್' ಎಂಬ ಧಾರಾವಾಹಿ ಶುರುಮಾಡಿದರು. ಕೈಯಲ್ಲಿ ದುಡ್ಡು ಕಡಿಮೆ, ಸಮಯವೂ ಕಡಿಮೆ. ಅವರು ಒಂದೊಂದು ಚಿತ್ರವನ್ನು ಮೂರು ಮೂರು ಚೌಕಟ್ಟಿಗೆ ನಿಲ್ಲಿಸಿದರು. 36,000 ಇದ್ದದ್ದು 12,000ಕ್ಕೆ ಇಳಿಯಿತು. ಮುಖ ಅಲ್ಲಾಡದೆ ಬಾಯಿ ಮಾತ್ರ ಆಡಿಸಿದರು. ಇನ್ನೂ ಒಂದು ಉಪಾಯ: ಹಾರುವುದು, ಓಡುವುದು, ತಿರುಗಿ ನೋಡುವುದು, ಇಂಥ ಚಿತ್ರಗಳನ್ನು ಜೋಪಾನವಾಗಿ ಎತ್ತಿಟ್ಟು ಬೇಕಾದಾಗ ತೆಗೆದು ಮತ್ತೆ ಬಳಸಿದರು. ಹೀಗೆ ಎತ್ತಿಟ್ಟ ಚಿತ್ರಗಳಿಗೆ ಆ ಕಸುಬಿನವರು ಇವತ್ತಿಗೂ ಏನನ್ನುತ್ತಾರೆ ಗೊತ್ತೇ? 'ಬ್ಯಾಂಕ್' ಎನ್ನುತ್ತಾರೆ! ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕೆ. ನಾನು ಎಲ್ಲಿಗೆ ಹೋದರೂ ಅದು ನನ್ನನ್ನು ಬಿಡುವುದಿಲ್ಲ.

ನಾನು ಕೂತು ನೋಡಿದ 41ರಲ್ಲಿ ಒಂದಕ್ಕೂ ಕನ್ನಡದ ದನಿ ಸಿಗಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ನಮ್ಮಲ್ಲಿ ದಶಕಗಟ್ಟಲೆ ಕಟ್ಟು ಇತ್ತಲ್ಲ, ಅದರ ಬಡ್ಡಿಯನ್ನು ಈಗಲೂ ಮಕ್ಕಳು ಕಟ್ಟುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಪತ್ರ ಬರೆಯಿರಿ. ಹೋದ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಚಿತ್ರ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಎಂಜಿನಿಯರಿಂಗ್ ಓದುವ ನನ್ನ ದೊಡ್ಡ ಮೊಮ್ಮಗ ಮಾತ್ರ ಜಪಾನೀ ಭಾಷೆಯಲ್ಲೇ ನೋಡಬೇಕು ಎಂದು ಹಟ ಹಿಡಿದು ಗೆಳೆಯರ ಜೊತೆ ಬೆಂಗಳೂರಿಗೆ ಹೋದ. ಚಿಕ್ಕವಳ ಕಥೆ ಬೇರೆ. ಅವಳಿಗೆ ಇಂಗ್ಲಿಷ್ ಅಡಿಬರಹವನ್ನು ಅಷ್ಟು ಬೇಗ ಓದಲು ಬರುವುದಿಲ್ಲ. ಹಾಗಾಗಿ ಟೀವಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಾನೇ ಕನ್ನಡದಲ್ಲಿ ಹೇಳುತ್ತ ಹೋಗುತ್ತೇನೆ. ಮುದುಕಿಗೆ ಒಂದು ದನಿ, ಬೆಕ್ಕಿಗೆ ಒಂದು ದನಿ. ಜಪಾನಿನಲ್ಲಿ ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಪಕ್ಕದಲ್ಲಿ ನಿಂತು ಹೀಗೇ ಕಥೆ ಹೇಳುವವರಿದ್ದರಂತೆ. ಅವರಿಗೆ 'ಬೆನ್ಶಿ' ಎಂದು ಹೆಸರು. ಜನ ಚಿತ್ರಕ್ಕಿಂತ ಬೆನ್ಶಿಯ ಹೆಸರು ನೋಡಿ ಟಿಕೆಟ್ ತೆಗೆಯುತ್ತಿದ್ದ ಕಾಲವೂ ಇತ್ತು. ನನ್ನ ಟಿಕೆಟ್ಟಿಗೆ ಇನ್ನೂ ಅಷ್ಟು ಬೇಡಿಕೆ ಬಂದಿಲ್ಲ.

ಈ ವರ್ಷ ಅತಿ ಹೆಚ್ಚು ಸಲ ನೋಡಿದ್ದು 'ಮೈ ನೇಬರ್ ಟೊಟೊರೊ'. ಲೆಡ್ಜರಿನ ಪ್ರಕಾರ ಏಳು ಸಲ. ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ್ದು, 86 ನಿಮಿಷ. ಇಬ್ಬರು ಅಕ್ಕತಂಗಿಯರು, ಸತ್ಸುಕಿ ಮತ್ತು ಮೇ, ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಪಕ್ಕದಲ್ಲೊಂದು ಭಾರಿ ಕರ್ಪೂರದ ಮರ, ಅದರಲ್ಲಿ ಟೊಟೊರೊ ಎಂಬ ದೊಡ್ಡ ಹೊಟ್ಟೆಯ ವನದೇವತೆ. ಕಥೆ ಎಂದು ಹೇಳಿದರೆ ಇಷ್ಟೇ. ದುಷ್ಟರಿಲ್ಲ, ಹೊಡೆದಾಟ ಇಲ್ಲ. ಮಿಯಾಜಾಕಿಯ ತಾಯಿಗೇ ಬೆನ್ನುಮೂಳೆಯ ಕ್ಷಯ ಆಗಿ ವರ್ಷಗಟ್ಟಲೆ ಮಲಗಿದ್ದರು. ಅಮ್ಮ ಮನೆಯಲ್ಲಿಲ್ಲದ ಮಕ್ಕಳು ಹೇಗೆ ಆಡುತ್ತಾರೆ, ನಗುತ್ತಲೇ ಹೇಗೆ ಹೆದರಿರುತ್ತಾರೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಚಿತ್ರದಲ್ಲಿ ಬಸ್ ಸ್ಟಾಪಿನ ದೃಶ್ಯ ಒಂದಿದೆ. ಸಂಜೆ ಮಳೆ. ಅಪ್ಪನ ಬಸ್ಸಿಗೆ ಕೊಡೆ ಹಿಡಿದು ಅಕ್ಕ ಕಾಯುತ್ತಿದ್ದಾಳೆ, ತಂಗಿ ಬೆನ್ನ ಮೇಲೆ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಟೊಟೊರೊ ಬಂದು ನಿಲ್ಲುತ್ತದೆ, ತಲೆಯ ಮೇಲೆ ಒಂದು ಎಲೆ. ತುಂಬಾ ಹೊತ್ತು ಏನೂ ಆಗುವುದಿಲ್ಲ. ಮಳೆ ಬೀಳುತ್ತದೆ, ಅಷ್ಟೇ. ಮೊದಲ ಸಲ ನೋಡಿದಾಗ ಟೀವಿ ಕೆಟ್ಟಿತೇನೋ ಎಂದುಕೊಂಡೆ. ನಾನು ಕುಣಿಗಲ್ ಶಾಖೆಯಲ್ಲಿದ್ದಾಗ ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸಂಜೆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಮಳೆಗಾಲದಲ್ಲಿ ಕೆರೆ ಕಡೆಯಿಂದ ಗಾಳಿ ಬೀಸಿ ಕೊಡೆ ಮಗುಚುತ್ತಿತ್ತು. ಪಕ್ಕದಲ್ಲಿ ಯಾರೋ ನಿಂತಿರುತ್ತಿದ್ದರು, ಮಾತಿಲ್ಲ. ಆ ಹೊತ್ತನ್ನೆಲ್ಲ ದಂಡ ಎಂದುಕೊಂಡು ಬೈದುಕೊಂಡಿದ್ದೆ. ಮಿಯಾಜಾಕಿ ಒಮ್ಮೆ ಅಮೆರಿಕದ ವಿಮರ್ಶಕ ರಾಜರ್ ಎಬರ್ಟ್ ಅವರ ಎದುರು ಕೈ ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಯ ನಡುವಿನ ಖಾಲಿ ಜಾಗಕ್ಕೆ ಜಪಾನಿನಲ್ಲಿ 'ಮಾ' ಎನ್ನುತ್ತಾರೆ ಎಂದು ವಿವರಿಸಿದರಂತೆ. ತಾಳಮದ್ದಳೆ ಕೇಳಿದವರಿಗೆ, ಹರಿಕಥೆಯ ದಾಸರು ಚಿಟಿಕೆ ಎತ್ತಿ ಹಾಗೇ ನಿಲ್ಲಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಕುಣಿಗಲ್ ಎಂದಾಗ ಇನ್ನೊಂದು ನೆನಪು. ಮಗಳ ಮನೆಯ ಪಕ್ಕದಲ್ಲಿ ಒಬ್ಬ ಹಿರಿಯರಿದ್ದಾರೆ, ಕುದುರೆ ಫಾರಮ್ಮಿನಲ್ಲಿ ಜೀವಮಾನವೆಲ್ಲ ಕುದುರೆ ನೋಡಿಕೊಂಡವರು. ದಸರಾ ರಜೆಯಲ್ಲಿ ದೊಡ್ಡ ಮೊಮ್ಮಗ ಅಲ್ಲಿ 'ಪ್ರಿನ್ಸೆಸ್ ಮೊನೊನೋಕೆ' ಹಾಕಿದ್ದ. (1997ರ ಚಿತ್ರ. ಕೈಕಾಲು ಕತ್ತರಿಸಿ ಹಾರುವ ದೃಶ್ಯಗಳಿವೆ, ಚಿಕ್ಕ ಮಕ್ಕಳಿಗೆ ಬೇಡ.) ಅದರ ನಾಯಕ ಕೆಂಪು ಕಡವೆಯಂಥ ಪ್ರಾಣಿಯ ಮೇಲೆ ಸವಾರಿ ಮಾಡುತ್ತಾನೆ. ಆ ಹಿರಿಯರು ಬಾಗಿಲಲ್ಲೇ ನಿಂತು ಹತ್ತು ನಿಮಿಷ ನೋಡಿದರು. "ಕೊಂಬೈತೆ ಅಂತ ಜಿಂಕೆ ಅನ್ನಬೌದು ಸ್ವಾಮಿ. ಆದ್ರೆ ಬರ್ದೋನು ಕುದುರೆ ಲಾಯದಾಗೆ ಕುಂತು ನೋಡವ್ನೆ. ಇಳಿಯೋ ಮುಂದೆ ಬೆನ್ನು ಹೆಂಗೆ ಬಿಡ್ತು ನೋಡಿ" ಅಂದರು. ನನ್ನ 41 ವಿಮರ್ಶೆಗಳಲ್ಲಿ ಇಷ್ಟು ಒಳ್ಳೆಯ ಮಾತು ಒಂದೂ ಇಲ್ಲ.

'ಸ್ಪಿರಿಟೆಡ್ ಅವೇ' (2001) ಬಗ್ಗೆ ಎರಡು ವಾರ ಬರೆದಿದ್ದೆ, ಮತ್ತೆ ಹೇಳುವುದಿಲ್ಲ. ಮಾಟಗಾತಿ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹುಡುಗಿಯ ಹೆಸರಿನ ಅಕ್ಷರಗಳನ್ನೇ ಕಿತ್ತುಕೊಳ್ಳುವ ದೃಶ್ಯಕ್ಕೆ ನಮ್ಮ ವಾಕಿಂಗ್ ಸ್ನೇಹಿತರೆಲ್ಲ ಒಟ್ಟಿಗೆ ಹೂಂಗುಟ್ಟಿದರು. ಎಲ್ಲರೂ ನೌಕರಿ ಮಾಡಿದವರೇ.

'ಎ ಸೈಲೆಂಟ್ ವಾಯ್ಸ್' (2016) ಬಗ್ಗೆ ಮಾತ್ರ ನಾನು ಬರೆದದ್ದು ಸಾಲದು ಎನಿಸಿದೆ. ನಿರ್ದೇಶಕಿ ನವೊಕೊ ಯಮಾದಾ. ಕ್ಯೋಟೊ ಅನಿಮೇಷನ್ ಸಂಸ್ಥೆಯ ಚಿತ್ರ. 2019ರ ಜುಲೈಯಲ್ಲಿ ಒಬ್ಬ ದುಷ್ಟ ಆ ಸಂಸ್ಥೆಯ ಕಟ್ಟಡಕ್ಕೇ ಬೆಂಕಿಯಿಟ್ಟು 36 ಜನ ಸತ್ತರು. ಅವರು ನಮ್ಮ ಮಕ್ಕಳು ಇಷ್ಟಪಡುವ ಎಷ್ಟೋ ಚಿತ್ರ ಬರೆದ ಕೈಗಳು. ಇರಲಿ. ಕಿವಿ ಕೇಳದ ಹುಡುಗಿಯೊಬ್ಬಳು ಶಾಲೆಗೆ ಬರುತ್ತಾಳೆ. ಶೋಯಾ ಎಂಬ ಹುಡುಗ ಅವಳನ್ನು ಗೋಳು ಹೊಯ್ದುಕೊಂಡು ಅವಳ ಕಿವಿಯ ಯಂತ್ರಗಳನ್ನು ಒಂದಾದ ಮೇಲೊಂದು ಹಾಳುಮಾಡುತ್ತಾನೆ. ಅವನ ತಾಯಿ ಬ್ಯಾಂಕಿಗೆ ಹೋಗಿ ದುಡ್ಡು ತೆಗೆದು, ಲಕೋಟೆಯಲ್ಲಿ ಹಾಕಿ ಹುಡುಗಿಯ ತಾಯಿಗೆ ಕೊಡುತ್ತಾಳೆ. 17 ಲಕ್ಷ ಯೆನ್. ಕ್ಷೌರದ ಅಂಗಡಿ ನಡೆಸುವ ಒಂಟಿ ಹೆಂಗಸಿಗೆ ಅದು ಎಷ್ಟು ವರ್ಷದ ಉಳಿತಾಯ ಎಂದು ನನಗೆ ಯಾರೂ ಹೇಳಬೇಕಿಲ್ಲ. ಮುಂದೆ ಹುಡುಗ ದೊಡ್ಡವನಾಗಿ, ಕೂಲಿನಾಲಿ ಮಾಡಿ ಅಷ್ಟೇ ದುಡ್ಡು ಕೂಡಿಸಿ, ಖಾತೆಯಿಂದ ಎಲ್ಲವನ್ನೂ ತೆಗೆದು ಮಲಗಿದ್ದ ತಾಯಿಯ ಪಕ್ಕದಲ್ಲಿಟ್ಟು ಹೊರಡುತ್ತಾನೆ. ಬದುಕೇ ಬೇಡ ಎಂದು ಹೊರಟಿರುತ್ತಾನೆ. ಪುಣ್ಯಕ್ಕೆ ಹಿಂದಿರುಗುತ್ತಾನೆ. ಆ ದುಡ್ಡಿಗೇನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆ ದೃಶ್ಯದಲ್ಲಿ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ ಎಂದಷ್ಟೇ ಲೆಡ್ಜರಿನಲ್ಲಿದೆ.

ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತವನು ನಾನು. ಖಾತೆ ಮುಚ್ಚಲು ಬಂದವರಿಂದ ಫಾರಂ ತೆಗೆದುಕೊಂಡೆ, ಸಹಿ ತಾಳೆ ನೋಡಿದೆ, ಬಡ್ಡಿ ಹಾಕಿದೆ, ದುಡ್ಡು ಎಣಿಸಿ ಕೊಟ್ಟೆ. ಯಾಕಪ್ಪಾ ಎಂದು ಕೇಳಿದ್ದು ಎಷ್ಟು ಜನರನ್ನು? ಕೇಳುವುದು ನಿಯಮದಲ್ಲಿ ಇರಲಿಲ್ಲ. ಹೈಸ್ಕೂಲು ದಾಟಿದ ಮಕ್ಕಳಿದ್ದರೆ ಈ ಚಿತ್ರವನ್ನು ಅವರ ಜೊತೆ ಕೂತು ನೋಡಿ. ಒಬ್ಬರೇ ನೋಡಲು ಬಿಡಬೇಡಿ.

'ಜೊತೆ ಕೂತು' ಎಂಬ ಮಾತನ್ನು ನಾನು ಕಲಿತದ್ದು ತಪ್ಪು ಮಾಡಿ. ಈಗ ಕೆಂಪು ಶಾಯಿಗೆ ಬರೋಣ.

ಆಗಸ್ಟ್ 15ರ ಸಂಚಿಕೆಗೆ ನಾನು 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಬಗ್ಗೆ ಬರೆದೆ. ನಿಮಗೆ ನೆನಪಿರಬಹುದು. ಜಪಾನು ಎರಡನೇ ಮಹಾಯುದ್ಧದಲ್ಲಿ ಸೋತದ್ದನ್ನು ಅಲ್ಲಿನ ಚಕ್ರವರ್ತಿ ರೇಡಿಯೋದಲ್ಲಿ ಸಾರಿದ್ದು 1945ರ ಆಗಸ್ಟ್ 15. ನಮಗೆ ಹಬ್ಬವಾದ ತಾರೀಖು ಅವರಿಗೆ ಬೇರೆಯೇ. ಅದನ್ನೇ ಹಿಡಿದು ಲೇಖನ ಕಟ್ಟಿದ್ದೆ. ಇಸಾವೊ ತಕಾಹಾತ ನಿರ್ದೇಶಿಸಿದ ಈ ಚಿತ್ರವೂ ಟೊಟೊರೊವೂ ಒಂದೇ ಸ್ಟುಡಿಯೋದವು. ಸ್ಟುಡಿಯೋ ಘಿಬ್ಲಿ. 1988ರ ಏಪ್ರಿಲ್ 16ರಂದು ಎರಡೂ ಒಂದೇ ಟಿಕೆಟ್ಟಿಗೆ ಒಂದಾದ ಮೇಲೊಂದು ಬಿಡುಗಡೆಯಾದವು. ಅಲ್ಲಿ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡೇ ಹೋಗಿದ್ದರು. ಅದನ್ನು ಓದಿಯೇ ನಾನು ಕೊನೆಯಲ್ಲಿ, "ಮನೆಮಂದಿಯೆಲ್ಲ ಕೂತು ನೋಡಬಹುದು" ಎಂದು ಬರೆದುಬಿಟ್ಟೆ.

ನೋಡದೆ ಬರೆದೆನೇ? ಇಲ್ಲ, ಪೂರ್ತಿ ನೋಡಿದ್ದೆ. ಸೆಯಿತಾ ಎಂಬ ಹದಿನಾಲ್ಕರ ಹುಡುಗ, ಸೆತ್ಸುಕೊ ಎಂಬ ನಾಲ್ಕು ವರ್ಷದ ತಂಗಿ. ಕೋಬೆ ನಗರದ ಮೇಲೆ ಬೆಂಕಿ ಬಾಂಬು ಬಿದ್ದು ತಾಯಿ ಸಾಯುತ್ತಾಳೆ. ಸಂಬಂಧಿಕರ ಮನೆಯಲ್ಲಿ ಮರ್ಯಾದೆ ಸಿಗದೆ ಇಬ್ಬರೂ ಕೆರೆಯ ದಂಡೆಯ ಗವಿಯಲ್ಲಿ ಇರುತ್ತಾರೆ. ಅನ್ನ ಸಿಗುವುದಿಲ್ಲ. ಪೆಪ್ಪರಮಿಂಟಿನ ಒಂದು ತಗಡಿನ ಡಬ್ಬಿ ಇರುತ್ತದೆ, ಖಾಲಿಯಾದಾಗ ಅದರಲ್ಲಿ ನೀರು ಹಾಕಿ ಕುಡಿಯುತ್ತಾರೆ. ತಂಗಿ ಉಳಿಯುವುದಿಲ್ಲ, ಅಣ್ಣನೂ ಉಳಿಯುವುದಿಲ್ಲ. ಇದು ಪೂರಾ ಕಲ್ಪನೆಯೂ ಅಲ್ಲ. ಮೂಲ ಕಥೆ ಬರೆದ ಅಕಿಯುಕಿ ನೊಸಾಕ ತಮ್ಮ ಪುಟ್ಟ ತಂಗಿಯನ್ನು ಹಾಗೇ ಹಸಿವಿನಲ್ಲಿ ಕಳೆದುಕೊಂಡವರು. ಕಥೆಯ ಅಣ್ಣನಷ್ಟು ಒಳ್ಳೆಯವನಾಗಿ ತಾನು ಇರಲಿಲ್ಲ, ಮೊದಲು ತಾನೇ ತಿಂದೆ ಎಂದು ಒಪ್ಪಿಕೊಂಡವರು. 1967ರಲ್ಲಿ ಅದನ್ನು ಬರೆದದ್ದು ಆ ತಂಗಿಯ ಸಾಲ ತೀರಿಸಲೆಂದೇ ಎನ್ನಬಹುದು. ತಕಾಹಾತ ಅವರೂ ಒಂಬತ್ತು ವರ್ಷದವರಿದ್ದಾಗ ಒಕಯಾಮಾ ನಗರ ಬೆಂಕಿಯಲ್ಲಿ ಉರಿಯುವಾಗ ಅಕ್ಕನ ಜೊತೆ ಬರಿಗಾಲಲ್ಲಿ ಓಡಿ ಬದುಕಿದವರು.

ಇಷ್ಟೆಲ್ಲ ಗೊತ್ತಿದ್ದೂ ಹಾಗೆ ಬರೆದದ್ದಕ್ಕೆ ನನ್ನಲ್ಲಿ ಒಂದು ವಾದವಿತ್ತು. ನಾನು ಗುಬ್ಬಿಯಲ್ಲಿ ಹುಟ್ಟಿ ಬೆಳೆದವನು. ವೀರಣ್ಣನವರ ಊರು, ನಾಟಕದ ಊರು. ನಾವೆಲ್ಲ ಚಿಕ್ಕಂದಿನಲ್ಲಿ 'ಸತ್ಯ ಹರಿಶ್ಚಂದ್ರ' ನೋಡಿಲ್ಲವೇ? ನಾಟಕದಲ್ಲಿ ನೋಡಿದೆವು, 1965ರಲ್ಲಿ ರಾಜ್‌ಕುಮಾರ್ ಅವರದ್ದು ಬಂದಾಗ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದೆವು. ಲೋಹಿತಾಶ್ವನಿಗೆ ಹಾವು ಕಚ್ಚುತ್ತದೆ, ಹೆತ್ತ ತಾಯಿ ಹೆಣ ಹೊತ್ತು ಸ್ಮಶಾನಕ್ಕೆ ಬರುತ್ತಾಳೆ. ಅತ್ತೆವು, ಮನೆಗೆ ಹೋಗಿ ಉಂಡು ಮಲಗಿದೆವು. ನಮಗೇನಾಯಿತು? ಈಗಿನ ಮಕ್ಕಳಿಗೆ ಮಾತ್ರ ದುಃಖ ತೋರಿಸಬಾರದೇ?

ಹದಿನೈದು ದಿನಕ್ಕೆ ಪತ್ರಿಕೆಯ ಕಚೇರಿಯಿಂದ ಒಂದು ಪತ್ರವನ್ನು ನನಗೆ ಕಳಿಸಿದರು. ಬರೆದವರು ಗುಬ್ಬಿಯ ಒಬ್ಬ ತಾಯಿ. ಬೈಗುಳ ಒಂದೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವರಿಗೆ ಆರು ವರ್ಷದ ಮಗಳು, ಎರಡು ವರ್ಷದ ಮಗ. ನಾನು ಬರೆದದ್ದನ್ನು ನಂಬಿ ಚಿತ್ರ ಹಾಕಿ, ಕಾರ್ಟೂನಲ್ಲವೇ ಎಂದು ಮಗುವನ್ನು ಅದರ ಮುಂದೆ ಬಿಟ್ಟು ಅಡುಗೆಮನೆಯಲ್ಲಿದ್ದರಂತೆ. ಆಮೇಲೆ ಮಗು ಅಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಶಾಲೆಯ ಚೀಲ ತೊಳೆಯಲು ತೆಗೆದರೆ ಜಾಮಿಟ್ರಿ ಡಬ್ಬಿಯ ತುಂಬ ಬಿಸ್ಕತ್ತಿನ ಚೂರು, ಮುರಿದ ಚಪಾತಿ. ಕೇಳಿದ್ದಕ್ಕೆ, "ತಮ್ಮಂಗೆ. ನೀವಿಲ್ದಾಗ ಬೇಕಲ್ಲ" ಅಂದಳಂತೆ. ಮಧ್ಯಾಹ್ನ ಶಾಲೆಯಲ್ಲಿ ಉಣ್ಣುವುದನ್ನು ಅರ್ಧಕ್ಕೆ ನಿಲ್ಲಿಸಿದ್ದಳು. ಪತ್ರದ ಕೊನೆಗೆ ಆ ತಾಯಿ ಕೇಳಿದ್ದು ಒಂದೇ: "ಸರ್, ನೀವು ಇದನ್ನು ನಿಮ್ಮ ಮೊಮ್ಮಗಳಿಗೆ ತೋರಿಸಿದಿರಾ?"

ತೋರಿಸಿರಲಿಲ್ಲ. ಅವತ್ತು ರಾತ್ರಿ ಒಬ್ಬನೇ ನೋಡಿದ್ದೆ. ಲೆಡ್ಜರಿನಲ್ಲಿ 'ಯಾರು ಯಾರು ನೋಡಿದರು' ಎಂಬಲ್ಲಿ ನನ್ನ ಒಬ್ಬನ ಹೆಸರೇ ಇದೆ. ವೋಚರನ್ನು ತಿರುವಿ ನೋಡದೆ ಪಾಸು ಮಾಡುವ ಕೆಲಸವನ್ನು ನೌಕರಿಯಲ್ಲಿ ಒಮ್ಮೆಯೂ ಮಾಡದವನು, ನಿವೃತ್ತನಾಗಿ ಇಷ್ಟು ವರ್ಷದ ಮೇಲೆ ಮಾಡಿದ್ದೆ.

ಎರಡು ದಿನ ನನ್ನ ವಾದವನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ತಪ್ಪಿದ ಮೂವತ್ತು ಪೈಸೆ ಎಲ್ಲಿದೆ? ನಮ್ಮ ಮನೆಯವಳೇ ಹುಡುಕಿಕೊಟ್ಟಳು. ಬೀನ್ಸ್ ಬಿಡಿಸುತ್ತ, "ಹರಿಶ್ಚಂದ್ರದಲ್ಲಿ ಕೊನೆಗೆ ಈಶ್ವರ ಬರ್ತಾನಲ್ಲ, ಮಗು ಎದ್ದು ಕೂತ್ಕೊಳುತ್ತೆ. ಇದರಲ್ಲಿ ಯಾರು ಬರ್ತಾರೆ?" ಅಂದಳು. ಇನ್ನೂ ಒಂದು ಮಾತು ಸೇರಿಸಿದಳು: "ಟೆಂಟಲ್ಲಿ ನಿಮ್ಮಮ್ಮನ ತೊಡೆ ಮೇಲೆ ಕೂತಿದ್ರಿ."

ಮಾರನೆಯ ಭಾನುವಾರ ತಾಯಿಗೆ ಫೋನು ಮಾಡಿ ಒಪ್ಪಿಗೆ ಕೇಳಿ ಗುಬ್ಬಿಗೆ ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆ? ಬಸ್ ಸ್ಟ್ಯಾಂಡಿನ ಹತ್ತಿರ ಮುಸುಕಿನ ಜೋಳ ಮಾರುತ್ತಿದ್ದರು. ಸಿಪ್ಪೆ ಸುಲಿಯದ ನಾಲ್ಕು ತೆನೆ ತೆಗೆದುಕೊಂಡೆ. ಮಗು ನನ್ನ ಹತ್ತಿರ ಬರಲಿಲ್ಲ, ಬಾಗಿಲ ಪರದೆಯ ಹಿಂದೆಯೇ ನಿಂತಿತ್ತು. ಕ್ಷಮಿಸು ಎಂದು ಆರು ವರ್ಷದವಳಿಗೆ ಹೇಗೆ ಹೇಳುವುದು? "ಪುಟ್ಟಿ, ನಾನು ಒಂದು ತಪ್ಪು ಸಿನಿಮಾ ಹೇಳಿಬಿಟ್ಟೆ. ಸರಿಯಾದದ್ದು ತಂದಿದ್ದೀನಿ, ಎಲ್ಲ ಸೇರಿ ನೋಡೋಣ್ವಾ?" ಎಂದೆ. ತಾಯಿ, ತಂದೆ, ಎರಡು ಮಕ್ಕಳು, ನಾನು. ಚಾಪೆ ಹಾಸಿ ಟೊಟೊರೊ ಹಾಕಿದೆವು. ನನ್ನ ಬೆನ್ಶಿ ಕೆಲಸ ಶುರುವಾಯಿತು.

ಐದು ನಿಮಿಷಕ್ಕೆ ಮಗು ಕೇಳಿದ ಮೊದಲ ಪ್ರಶ್ನೆ: "ಇದ್ರಲ್ಲೂ ಅಮ್ಮಂಗೆ ಹುಷಾರಿಲ್ವಾ?"

ನನ್ನ ಎದೆ ಧಸಕ್ಕೆಂದಿತು. ಏಳು ಸಲ ನೋಡಿದ ಚಿತ್ರ, ಈ ಪ್ರಶ್ನೆ ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. "ಹೂಂ. ಆದರೆ ಮನೆಗೆ ಬರ್ತಾರೆ" ಎಂದೆ. ಕಥೆಯ ಕೊನೆಯನ್ನು ಮೊದಲೇ ಹೇಳಬಾರದು ಎಂಬುದು ವಿಮರ್ಶಕರ ಧರ್ಮವಂತೆ. ಅವತ್ತು ಆ ಧರ್ಮ ಬಿಟ್ಟೆ. ಮಗು ನಂಬಲಿಲ್ಲ. ಮೇ ಒಂದು ಜೋಳದ ತೆನೆ ಅಪ್ಪಿಕೊಂಡು ಅಮ್ಮನಿಗೆ ಕೊಡಲು ಒಬ್ಬಳೇ ಆಸ್ಪತ್ರೆಗೆ ಹೊರಟು ದಾರಿ ತಪ್ಪಿದಾಗ, ಕೆರೆಯಲ್ಲಿ ಒಂದು ಚಪ್ಪಲಿ ಸಿಕ್ಕಿತೆಂದು ಊರವರು ಗಾಬರಿಯಾದಾಗ, ಮಗು ತಮ್ಮನ ಅಂಗಿಯನ್ನು ಹಿಡಿದುಕೊಂಡಿತು. ತಾಯಿ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಬೆಕ್ಕು-ಬಸ್ಸು ಬಂತು, ಮೇ ಸಿಕ್ಕಳು. ಅಕ್ಕತಂಗಿ ಮರದ ಕೊಂಬೆಯ ಮೇಲಿಂದ ಆಸ್ಪತ್ರೆಯ ಕಿಟಕಿ ನೋಡಿದರು. ಅಮ್ಮ ಒಳಗೆ ನಗುತ್ತಿದ್ದಳು. ಕಿಟಕಿಯ ಮೇಲೆ ತೆನೆ, ಸಿಪ್ಪೆಯ ಮೇಲೆ ಕೆರೆದು ಬರೆದ 'ಅಮ್ಮನಿಗೆ'. ಅಲ್ಲಿಗೆ ಚಿತ್ರ ಮುಗಿಯಿತು, ಹಾಡು ಶುರುವಾಯಿತು, ಹೆಸರುಗಳು ಬರತೊಡಗಿದವು.

ನಮ್ಮ ಮನೆಯಲ್ಲಿ ಹೆಸರು ಬಂದ ಕೂಡಲೇ ನಾನು ಟೀವಿ ಆರಿಸುತ್ತೇನೆ. ಕರೆಂಟು ದಂಡ ಎಂದು. ಅಲ್ಲೂ ರಿಮೋಟಿಗೆ ಕೈ ಹಾಕಿದ್ದೆ.

"ಮನೆಗೆ ಬರಲೇ ಇಲ್ಲ" ಎಂದಿತು ಮಗು.

ಕೈ ಅಲ್ಲೇ ನಿಂತಿತು. ಹೆಸರುಗಳ ಪಕ್ಕದಲ್ಲಿ ಸಣ್ಣ ಸಣ್ಣ ಚಿತ್ರಗಳು ಬರುತ್ತಿದ್ದವು. ಅದರಲ್ಲೊಂದರಲ್ಲಿ ಅಮ್ಮ ಕಾರಿನಿಂದ ಇಳಿಯುತ್ತಿದ್ದಾಳೆ, ಮಕ್ಕಳು ಓಡಿಬರುತ್ತಿದ್ದಾರೆ. ಮತ್ತೊಂದರಲ್ಲಿ ಎಲ್ಲರೂ ಒಟ್ಟಿಗೆ ಇದ್ದಾರೆ. ಏಳು ಸಲ ನೋಡಿದವನು ಅದನ್ನು ಒಂದು ಸಲವೂ ನೋಡಿರಲಿಲ್ಲ! ಮಗಳಿಗೆ ಹೇಳಿದ್ದು ನಿಜವೆಂದು ನನಗೇ ಅವತ್ತು ಗೊತ್ತಾದದ್ದು. ಮಗು ಎದ್ದು ಟೀವಿಯ ಹತ್ತಿರ ಹೋಗಿ ಬೆರಳಿಟ್ಟು, "ಇದು ಅಮ್ಮನೇನಾ?" ಎಂದು ಕೇಳಿತು. ಆ ಚಿತ್ರವನ್ನು ಹಿಂದಕ್ಕೆ ಓಡಿಸಿ ಮೂರು ಸಲ ತೋರಿಸಿದೆವು.

ಒಂದು ಸಿನಿಮಾದಿಂದ ಆದದ್ದು ಇನ್ನೊಂದು ಸಿನಿಮಾದಿಂದ ವಾಸಿಯಾಯಿತು ಎಂದು ನಾನು ಬರೆಯುವುದಿಲ್ಲ. ಅಷ್ಟು ಸುಲಭವಾಗಿ ಲೆಕ್ಕ ಹೊಂದಿದರೆ ನಮ್ಮ ಹಳೇ ಮ್ಯಾನೇಜರು ಅನುಮಾನ ಪಡುತ್ತಿದ್ದರು. ಜಾಮಿಟ್ರಿ ಡಬ್ಬಿಯಲ್ಲಿ ಬಿಸ್ಕತ್ತು ಆಮೇಲೂ ಸಿಗುತ್ತಿತ್ತಂತೆ. ತಾಯಿ ಗದರಲಿಲ್ಲ. ಪ್ರತಿದಿನ ಶಾಲೆಯಿಂದ ಬಂದಾಗ ಅಡುಗೆಮನೆಯ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು, "ನೋಡು, ಎಷ್ಟಿದೆ" ಎಂದು ತೋರಿಸುತ್ತಿದ್ದರಂತೆ. ದೀಪಾವಳಿ ಹೊತ್ತಿಗೆ ಯ���ವಾಗಲೋ ನಿಂತಿದೆ. ಯಾವತ್ತು ಎಂದು ಅವರಿಗೂ ಗೊತ್ತಿಲ್ಲ.

ಅಂದಿನಿಂದ ಲೆಡ್ಜರಿನಲ್ಲಿ ಒಂದು ಅಂಕಣ ಹೆಚ್ಚಾಗಿದೆ: 'ಯಾರ ಪಕ್ಕದಲ್ಲಿ ಕೂತು ನೋಡಬೇಕು.' ಹಳೆಯ ನಮೂದುಗಳಿಗೂ ತುಂಬುತ್ತ ಬಂದಿದ್ದೇನೆ. ಆಗಸ್ಟಿನ ಆ ಚಿತ್ರವನ್ನು ಕೆಟ್ಟದ್ದು ಎಂದು ಮಾತ್ರ ತಿಳಿಯಬೇಡಿ. ಅಷ್ಟು ನಿಜವಾದ ಚಿತ್ರವನ್ನು ಈ ವರ್ಷ ನಾನು ಇನ್ನೊಂದು ನೋಡಲಿಲ್ಲ. ದೊಡ್ಡವರು ನೋಡಿ. ಮಕ್ಕಳು ಹೈಸ್ಕೂಲಿಗೆ ಬರಲಿ, ಆಮೇಲೆ ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ಮೊನ್ನೆ ಸಂಕ್ರಾಂತಿಗೆ ಗುಬ್ಬಿಯಿಂದ ಒಂದು ಲಕೋಟೆ ಬಂತು. ಎಳ್ಳು-ಬೆಲ್ಲದ ಪೊಟ್ಟಣದ ಜೊತೆ ಒಂದು ಚಿತ್ರ. ಬೆಕ್ಕು-ಬಸ್ಸು. ಕಾಲುಗಳು ಎಣಿಸಿದರೆ ಒಂಬತ್ತು ಇವೆ, ಒಂದು ಕಡೆ ಐದು, ಇನ್ನೊಂದು ಕಡೆ ನಾಲ್ಕು. ಹಣೆಯ ಬೋರ್ಡಿನ ಮೇಲೆ 'ಗುಬ್ಬಿ' ಎಂದು ಬರೆದಿದೆ. ಕಿಟಕಿಯಲ್ಲಿ ಅಪ್ಪ, ಅಮ್ಮ, ಹಿಂದಿನ ಸೀಟಿನಲ್ಲಿ ಕನ್ನಡಕದ ಮುದುಕ ಒಬ್ಬ. ಮುಂದಿನ ಸೀಟಿನಲ್ಲಿ ತಮ್ಮನೂ ಅವಳೂ. ತಮ್ಮನ ಕೈಯಲ್ಲಿ ಒಂದು ಬಿಸ್ಕತ್ತಿದೆ, ಅವಳ ಕೈಯಲ್ಲೂ ಒಂದಿದೆ.